ಕರ್ಪೂರ ಹಚ್ಚದ ಅಯ್ಯನವರು

ಮರಿಸ್ವಾಮಿ ಅಯ್ಯನವರು ಯಾರ ಮನೆಗೆ ಹೋದರೂ ಮೊದಲು ಮಾಡುತ್ತಿದ್ದ ಕೆಲಸ ಕಿಟಕಿ ತೆರೆಯುವುದು. ಕುಶಲ ವಿಚಾರಿಸುವುದು, ಕೂರುವುದು, ನೀರು ಕುಡಿಯುವುದು ಎಲ್ಲ ಆಮೇಲೆ. ಲಿಂಗಸುಗೂರಿನಲ್ಲಿ ಅವರ ನೆರೆಮನೆಯವನಾಗಿದ್ದ ನಾನು ಪುಷ್ಯಮಾಸದ ಚಳಿಯಲ್ಲೂ ಹಲ್ಲು ಕಡಿಯುತ್ತ ಅವರ ಈ ವ್ರತವನ್ನು ಸಹಿಸಿದ್ದೇನೆ. ಒಮ್ಮೊಮ್ಮೆ ಸಿಟ್ಟು ನೆತ್ತಿಗೇರಿದ್ದೂ ಉಂಟು.

ಕುತ್ತಿಗೆಯನ್ನು ತುಸು ಎಡಕ್ಕೆ ವಾಲಿಸಿ, ಏನನ್ನೋ ಮೂಸುವವರಂತೆ ಮುಖ ಮುಂದೆ ಮಾಡಿ ನಡೆಯುತ್ತಿದ್ದ ಆ ಕೃಶ ಶರೀರದ ಮೇಲೆ ಸದಾ ಒಂದು ಖಾಕಿ ಕೋಟು, ಬ್ಯಾಟರಿಯ ಆಸಿಡ್ ಸಿಡಿದು ಅದರ ತುಂಬ ತೂತು. "ತ್ಯಾಪಿ ಹಚ್ಚಾಕ ಕೋಟರ ಎಲ್ಲಿ ಉಳದೈತ್ರಿ?" ಎಂದು ಅವರ ಹೆಂಡತಿ ಕಸ್ತೂರೆಮ್ಮ ನಗುತ್ತಿದ್ದರು.

ನಿಜಾಮರ ಆಳ್ವಿಕೆಯ ಕಡೆಯ ವರ್ಷಗಳವು. ಊರಾಚೆಯ ಹತ್ತಿ ಗಿರಣಿಗೆ ಸ್ವಂತದ್ದೊಂದು ವಿದ್ಯುತ್ ಮನೆಯಿತ್ತು: ಉಗಿಯಿಂದ ತಿರುಗುವ ಟರ್ಬೈನು, ಅದು ನಿಂತಾಗ ದೀಪಗಳಿಗೆಂದು ಪಕ್ಕದ ಕೋಣೆಯಲ್ಲಿ ಬ್ಯಾಟರಿಗಳ ಸಾಲು. ಅಯ್ಯನವರು ಆ ಬ್ಯಾಟರಿಗಳನ್ನು ನೋಡಿಕೊಳ್ಳುವವರು. ಜಂಗಮರಾದ್ದರಿಂದ ಗಿರಣಿಯ ಪೂಜೆಯೂ ಅವರದೇ. ಕರೆಂಟು ತುಂಬುವಾಗ ಬ್ಯಾಟರಿಗಳು ಜಲಜನಕ ಬಿಡುತ್ತವೆ, ಬಣ್ಣವಿಲ್ಲ, ವಾಸನೆಯಿಲ್ಲ, ಕಿಡಿ ಸಿಕ್ಕರೆ ಸಾಕು. ಕಿಟಕಿ ಮುಚ್ಚಬಾರದೆಂದು ಗಿರಣಿಯವರು ಅವರಿಗೆ ಹೇಳಿಯೇ ಇದ್ದರು. ಆದರೆ ಆರತಿ ನಡುವೆ ನಂದಿದರೆ ಅಪಶಕುನವಲ್ಲವೇ? ಒಂದು ದಸರೆಯಲ್ಲಿ, ಯಂತ್ರಗಳಿಗೆ ಮಾಡುವ ಖಂಡೆ ಪೂಜೆಯ ದಿನ, ಗಾಳಿ ಜೋರಾಗಿತ್ತೆಂದು ಕಿಟಕಿ ಬಾಗಿಲುಗಳನ್ನೆಲ್ಲ ಭದ್ರವಾಗಿ ಮುಚ್ಚಿಸಿ ಕರ್ಪೂರ ಹಚ್ಚಿದರು. ಕೋಣೆ ಸಿಡಿಯಿತು. ಅವರ ಹುಬ್ಬು ಸುಟ್ಟಿತು. ಪಕ್ಕದಲ್ಲಿ ಹೂವಿನ ತಟ್ಟೆ ಹಿಡಿದು ನಿಂತಿದ್ದ ಜೊತೆಗಾರ ರಹಿಮಾನನ ಒಂದು ಕಣ್ಣು ಹೋಯಿತು.

ಅಂದಿನಿಂದ ಆ ಕೋಣೆಯಲ್ಲಿ ಅವರು ಆರತಿ ಎತ್ತಲಿಲ್ಲ, ಎತ್ತಗೊಡಲೂ ಇಲ್ಲ. ಊರು ಗೊಣಗುತ್ತ ಸುಮ್ಮನಿತ್ತು, ಟರ್ಬೈನು ಕೆಡುವವರೆಗೆ. ಒಳಗಿನ ಅಲಗುಗಳು ಮುರಿದು, ಪೇಟೆಗೆಲ್ಲ ಕೇಳುವಂತೆ ಕಿರುಚಿ ಅದು ನಿಂತುಬಿಟ್ಟಿತು. ಗಿರಣಿ ಮುಚ್ಚಿತು. ಸಿಂಧನೂರು ಕಡೆಯಿಂದ ಬಂದಿದ್ದ ಕೂಲಿಗಳು ಗಂಟುಮೂಟೆ ಕಟ್ಟಿದರು. ಅಲಗು ಸವೆದಿತ್ತೆಂದು ರಿಪೇರಿಗೆ ಬಂದವರು ಹೇಳಿದರು, ಕೇಳುವವರು ಯಾರು? ಆರತಿ ತಪ್ಪಿಸಿದ್ದರ ಫಲವೆಂದು ಊರು ತೀರ್ಮಾನಿಸಿತು. ಪಾದಪೂಜೆಗೆ ಅಯ್ಯನವರನ್ನು ಕರೆಯುವುದು ನಿಂತಿತು. ಕೂಸಿಗೆ ಲಿಂಗ ಕಟ್ಟಲೂ ಮಸ್ಕಿಯಿಂದ ಬೇರೆ ಸ್ವಾಮಿಗಳು ಬಂದರು. ಜಂಗಮನಿಗೆ ಇದಕ್ಕಿಂತ ದೊಡ್ಡ ಶಿಕ್ಷೆಯಿಲ್ಲ. ಕರೆ ಬಾರದ ಸೋಮವಾರಗಳಲ್ಲಿ ಮಡಿಯುಟ್ಟು ಮನೆಯ ಕಟ್ಟೆಯ ಮೇಲೆ ಕೂತಿರುತ್ತಿದ್ದರು.

ಗಿರಣಿ ಮತ್ತೆ ತೆರೆಯಿತು, ಖಂಡೆ ಪೂಜೆ ಬಂತು. ಗಿರಣಿಯ ಮಿಸ್ತ್ರಿ ಅಮರಗುಂಡಪ್ಪ ರಹಿಮಾನನನ್ನೂ ಕರೆದುಕೊಂಡು ಆ ಕಟ್ಟೆಗೆ ಬಂದ.

"ಒಂದ ಒಂದು ಕರ್ಪೂರ ಹಚ್ಚ್ರೀ ಅಯ್ಯನೋರ. ಊರು ಮತ್ತ ನಿಮ್ಮ ಪಾದಕ್ಕ ಬೀಳ್ತೈತಿ."

"ಹಚ್ಚಂಗಿಲ್ಲಪ್ಪ."

"ಶಿವ ಸಿಟ್ಟಾಗ್ಯಾನಂತ ಮಂದಿ ಅನ್ನಾಕತ್ತೈತ್ರಿ."

ರಹಿಮಾನನೂ ಮೆಲ್ಲಗೆ ಹೇಳಿದ: "ನಂದು ಹೋಗಿದ್ದು ಹೋತ್ರಿ. ನನ್ನ ಸಲುವಾಗಿ ನಿಮ್ಮ ಮಾನ ಯಾಕ ಕಳಕೊಂತೀರಿ?"

ಅಯ್ಯನವರು ಅವನತ್ತ ತಿರುಗಿದರು. "ಶಿವಗ ಮೂರು ಕಣ್ಣು ಅದಾವೋ ರಹಿಮಾನ. ನಿನಗ ಉಳದದ್ದು ಒಂದ. ಸಿಟ್ಟಾದರ ಆಗಲಿ."

ಪೂಜೆಗೆ ಮಸ್ಕಿಯ ಸ್ವಾಮಿಗಳೇ ಬಂದರು. ಅಯ್ಯನವರು ಬ್ಯಾಟರಿ ಕೋಣೆಯ ಹೊಸ್ತಿಲ ಮೇಲೆ ಅಡ್ಡ ಕೂತು ಏಳಲಿಲ್ಲ. ಬಯ್ದರು, ಎಳೆದರು, ಏಳಲಿಲ್ಲ. ಬಂದವರು ಬೇಸತ್ತು ದೂರದ ಅಂಗಳದಲ್ಲೇ ಆರತಿ ಬೆಳಗಿ ಹೋದರು. ಟರ್ಬೈನು ಆ ವರ್ಷವೆಲ್ಲ ಸರಾಗ ತಿರುಗಿತು, ಅದರ ಪುಣ್ಯವೂ ಮಸ್ಕಿಯವರಿಗೇ ಸಂದಿತು. ಅಯ್ಯನವರನ್ನು ಯಾರೂ ಮತ್ತೆ ಕರೆಯಲಿಲ್ಲ.

ಅನಾಹುತ ಮಾಡಿದವರ ಹೆಸರು ಲೋಕಕ್ಕೆ ಗೊತ್ತಿರುತ್ತದೆ. ತಡೆಯುವವರ ಜಾತಿಯೇ ಬೇರೆ: ತಡೆದೆವೋ ಇಲ್ಲವೋ ಎಂಬುದು ಅವರಿಗೇ ತಿಳಿಯುವುದಿಲ್ಲ, ಏನೂ ಆಗದೆ ಮುಗಿದ ದಿನಕ್ಕೆ ಸಾಕ್ಷಿ ಹೇಳುವವರಿಲ್ಲ. ದಣಿದು ಮನೆಗೆ ಹೋಗುತ್ತಾರೆ, ಮರುದಿನ ಮತ್ತೆ ಬಂದು ಅಡ್ಡ ಕೂರುತ್ತಾರೆ. ಅವರು ಉಳಿಸಿದ ಕಣ್ಣುಗಳೇ ಅವರನ್ನು ಕಂಡು ಬೇರೆ ಕಡೆಗೆ ಹೊರಳುತ್ತವೆ.