ಕಿಮ್ ಸ್ವೀ ಅಂಕಲ್ ಹೊಡೆದ ಗಂಟೆ

ಹೆಡ್‌ಫೋನು, ಆಂಪ್ಲಿಫೈಯರು ಮಾರುವ ನನ್ನ ಅಂಗಡಿಯಲ್ಲಿ ಇರುವುದು ಒಂದೇ ಕಾನೂನು. ಹೆಡ್‌ಫೋನನ್ನು ತಲೆಯಿಂದ ತೆಗೆಯುವ ಮುಂಚೆ ಆಂಪ್ಲಿಫೈಯರಿನ ವಾಲ್ಯೂಮ್ ಗುಂಡಿಯನ್ನು ಸೊನ್ನೆಗೆ ತಿರುಗಿಸಿ ಏಳಬೇಕು. ನಿಮ್ಮ ನಂತರ ಕೂರುವವನ ಹೆಡ್‌ಫೋನ್ ನಾಜೂಕಿನದಾಗಿದ್ದರೆ, ನೀವು ಬಿಟ್ಟುಹೋದ ಜೋರಿಗೆ ಅದೂ ಸುಟ್ಟುಹೋಗುತ್ತದೆ, ಅವನ ಕಿವಿಯೂ ಹೋಗುತ್ತದೆ. ಸಿಂಗಪುರದಲ್ಲಿ ಈ ಹುಚ್ಚು ಹಿಡಿದವರಿಗೆಲ್ಲ ಇದು ಗೊತ್ತು. ಆದರೂ ಗೋಡೆಯ ಮೇಲೆ ದಪ್ಪ ಅಕ್ಷರದಲ್ಲಿ ಬರೆದು ಅಂಟಿಸಿದ್ದೇನೆ. ಬಂದರಿನಲ್ಲಿ ಕ್ರೇನ್ ಓಡಿಸುವ ಹೈರುಲ್ ಒಮ್ಮೆ ಮರೆತ. ಒಂದು ತಿಂಗಳು ಅವನನ್ನು ಒಳಗೆ ಬಿಡಲಿಲ್ಲ. ಶನಿವಾರ ಶನಿವಾರ ಬಂದು ಹೊರಗೆ ನಿಂತು, ಗಾಜಿನ ಆಚೆಯಿಂದ ಹಲ್ಲು ಕಿರಿಯುತ್ತಿದ್ದ. ನನಗೇನೂ ಅನ್ನಿಸಲಿಲ್ಲ.

ಈ ಕಾನೂನನ್ನು ಒಂದು ಸಲವೂ ಮುರಿಯದವರೆಂದರೆ ಟೇ ಕಿಮ್ ಸ್ವೀ ಅಂಕಲ್ ಒಬ್ಬರೇ. ಅಂಚೆ ಕಚೇರಿಯಲ್ಲಿ ದುಡಿದು ನಿವೃತ್ತರಾದವರು. ಇಸ್ತ್ರಿ ಮಾಡಿದ ಅರ್ಧ ತೋಳಿನ ಅಂಗಿ, ಜೇಬಿನಲ್ಲಿ ಬಾಚಣಿಗೆ. ಐವತ್ತು ದಾಟಿದ ನನ್ನನ್ನು ಇವತ್ತಿಗೂ ‘ಹುಡುಗೀ’ ಎಂದು ಕರೆಯುವ ಧೈರ್ಯ ಅವರಿಗೆ ಮಾತ್ರ ಇದೆ. ಅವರು ಎದ್ದ ಮೇಲೆ ನೋಡಿದರೆ ಗುಂಡಿ ಯಾವಾಗಲೂ ಸೊನ್ನೆಯ ಗೆರೆಯ ಮೇಲೇ ಇರುತ್ತಿತ್ತು. ಅವರನ್ನು ನೋಡಿ ಕಲಿಯಿರಿ ಎಂದು ಎಷ್ಟೋ ಜನರಿಗೆ ಉಗಿದಿದ್ದೇನೆ.

ಅಂಕಲ್ ಅರ್ಧ ಟೋಸ್ಟ್ ತಿಂದು ಹೊಟ್ಟೆ ತುಂಬಿತು ಎನ್ನುವವರು. ಅವರ ಹೆಡ್‌ಫೋನ್ ಮಾತ್ರ ಬಕಾಸುರ. ಒಳಗೆ ಆಯಸ್ಕಾಂತಗಳ ನಡುವೆ ತೆಳ್ಳಗಿನ ಹಾಳೆಯೊಂದನ್ನು ಬಿಗಿದಿದ್ದಾರೆ. ಅದು ಅಲುಗಬೇಕಾದರೆ ಕರೆಂಟು ಸುರಿಯಬೇಕು. ಫೋನಿಗೆ ಸಿಕ್ಕಿಸಿದರೆ ಸೊಳ್ಳೆ ಗುಂಯ್‌ಗುಟ್ಟಿದಷ್ಟು ದನಿ. ತಕ್ಕ ಆಂಪ್ಲಿಫೈಯರ್ ಸಿಕ್ಕಿದರೆ ಮಾತ್ರ ಹಾಡುವವರ ಗಂಟಲೊಳಗಿನ ಕಫವೂ ಕೇಳಿಸುತ್ತದೆ. ಆ ತಕ್ಕದ್ದು ಯಾವುದು ಎಂದು ಹುಡುಕುವುದರಲ್ಲೇ ಗಂಡಸರ ಅರ್ಧ ಆಯಸ್ಸು ಕಳೆಯುತ್ತದೆ. ನನ್ನ ಹೊಟ್ಟೆಪಾಡು ನಡೆಯುವುದೂ ಅದರಿಂದಲೇ.

ಅಂಕಲ್‌ಗೆ ಬೇಕಾಗಿದ್ದುದು ಗಂಟಲಲ್ಲ, ಒಂದು ಗಂಟೆಯ ನಾದ. ಪ್ರಾಯದಲ್ಲಿ ಅವರು ತಮ್ಮ ಬಡಾವಣೆಯ ಕ್ಲಬ್ಬಿನ ಚೀನೀ ವಾದ್ಯವೃಂದದಲ್ಲಿದ್ದರು. ಪಿಟೀಲಲ್ಲ, ಕೊಳಲಲ್ಲ. ಮುಷ್ಟಿಯಲ್ಲಿ ಅಡಗುವ, ಗಂಟೆಯಾಕಾರದ ಎರಡು ಹಿತ್ತಾಳೆ ಬಟ್ಟಲುಗಳನ್ನು ಒಂದಕ್ಕೊಂದು ತಾಕಿಸುವ ಕೆಲಸ. ಒಂದು ಕೃತಿಯಲ್ಲಂತೂ ಉದ್ದಕ್ಕೂ ಕೈ ಎತ್ತಿಕೊಂಡು ನಿಂತಿದ್ದು, ಕೊನೆಗೆ ಕೊಳಲು ನಿಂತ ಮೇಲೆ ಒಂದೇ ಒಂದು ಏಟು. ಅವತ್ತಿನ ಕಛೇರಿಯನ್ನು ರೇಡಿಯೋದವರು ರೆಕಾರ್ಡ್ ಮಾಡಿಕೊಂಡಿದ್ದರು. ಆ ತಂಡ ಚದುರಿಹೋಯಿತು, ಬಟ್ಟಲುಗಳು ಎಲ್ಲೋ ಕಳೆದವು, ಉಳಿದದ್ದು ರೆಕಾರ್ಡಿಂಗ್ ಮಾತ್ರ.

“ಆ ಒಂದು ಗಂಟೆ ಕೇಳಿಸ್ಬೇಕು ಹುಡುಗೀ, ಇನ್ನೇನೂ ಬೇಡ,” ಎಂದಿದ್ದರು ಮೊದಲ ದಿನವೇ. “ಮುಂಚೆ ಡಬ್ಬಾ ಟೇಪ್ ರೆಕಾರ್ಡರ್‌ನಲ್ಲೂ ಕೇಳಿಸ್ತಿತ್ತು. ಈಗ ಎಲ್ಲಿಗ್ ಹೋಯ್ತೋ ಗೊತ್ತಿಲ್ಲ.”

ಯಾರಿಗಾದರೂ ಅಲ್ಲಿಗೇ ಹೊಳೆಯಬೇಕಿತ್ತು. ಆದರೆ ನಮ್ಮ ಪಂಗಡದವರ ಬಳಿ ಎಲ್ಲ ಕಾಯಿಲೆಗೂ ಇರುವುದು ಒಂದೇ ಔಷಧ.

“ಅಂಕಲ್, ನಿಮ್ ಹೆಡ್‌ಫೋನ್‌ಗೆ ಪವರ್ ಸಾಲ್ತಿಲ್ಲ,” ಎಂದ ಹೈರುಲ್.

“ನೀನು ಕ್ರೇನ್ ಓಡ್ಸೋನು. ನಿಂಗೆ ಎಲ್ಲದಕ್ಕೂ ಪವರ್ರೇ,” ಎಂದೆ.

“ನೀನೇನ್ ಬೇರೆ ಹೇಳ್ತೀಯಾ ಅಕ್ಕ? ಅದನ್ನೇ ಹೇಳ್ತೀಯ. ಹೇಳಿದ್ ಮೇಲೆ ಬಿಲ್ಲೂ ಹಾಕ್ತೀಯ.”

ಹಾಗೆ ಶುರುವಾಯಿತು. ಮೊದಲು ಹಳೇ ರೇಡಿಯೋಗಳಲ್ಲಿದ್ದಂಥ ವಾಲ್ವಿನ ಆಂಪ್ಲಿಫೈಯರ್ ಕೊಟ್ಟೆ. ದನಿ ಇಂಪು, ಆದರೆ ಬಕಾಸುರನ ಮುಂದೆ ಅದಕ್ಕೆ ಏದುಸಿರು. ಆಮೇಲೆ ಟ್ರಾನ್ಸಿಸ್ಟರಿನದು, ಆಮೇಲೆ ಅದರ ಅಣ್ಣ. ಉಳಿದವರೆಲ್ಲ ಹೊರಗಿನ ಉದ್ದ ಮೇಜಿನಲ್ಲೇ ಕೂತು ಕೇಳುತ್ತಾರೆ. ಅಂಕಲ್ ಮಾತ್ರ ತಮ್ಮ ಪುಟ್ಟ ಪ್ಲೇಯರ್ ಹಿಡಿದು ಒಳಗಿನ ಗಾಜಿನ ಕೋಣೆಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಿದ್ದರು. ಇಂಥ ಹೆಡ್‌ಫೋನುಗಳ ಬೆನ್ನು ತೆರೆದಿರುತ್ತದೆ, ಸದ್ದು ಹೊರಗೆ ಸೋರುತ್ತದೆ. ಬೇರೆಯವರಿಗೆ ತೊಂದರೆಯಾಗದಿರಲಿ ಎಂಬ ಸೌಜನ್ಯ ಎಂದುಕೊಂಡಿದ್ದೆ. ಹೊರಗೆ ಬಂದು ಪ್ರತಿ ಸಲವೂ ತಲೆಯಾಡಿಸುತ್ತಿದ್ದರು. ಗುಂಡಿ ಸೊನ್ನೆಯಲ್ಲಿರುತ್ತಿತ್ತು. ನಾನು ಇನ್ನೂ ದೊಡ್ಡದನ್ನು ತರಿಸುತ್ತಿದ್ದೆ.

ಕೊನೆಗೆ ಬಂದದ್ದು ಅಕ್ಕಿ ಮೂಟೆಯಷ್ಟು ಭಾರದ್ದು. ನಿಜ ಹೇಳಬೇಕೆಂದರೆ ಅದು ಹೆಡ್‌ಫೋನಿಗೆ ಮಾಡಿದ್ದೇ ಅಲ್ಲ, ಆಳೆತ್ತರದ ಸ್ಪೀಕರುಗಳಿಗೆ ಮಾಡಿದ್ದು. ಅದನ್ನು ಹೊತ್ತು ತಂದಿಟ್ಟ ಹೈರುಲ್ ಸೊಂಟ ಹಿಡಿದುಕೊಂಡು ನಿಂತ.

“ಅಂಕಲ್, ಇದಕ್ಕಿಂತ ದೊಡ್ದು ಬೇಕಂದ್ರೆ ನಿಮ್ಮನೇಗೆ ಬೇರೆ ಕರೆಂಟ್ ಲೈನೇ ಎಳೀಬೇಕು.”

ಅಂಕಲ್ ನಗಲಿಲ್ಲ. ನನ್ನ ಕಡೆ ತಿರುಗಿ, “ಇದ್ರಲ್ಲೂ ಕೇಳಿಸ್ಲಿಲ್ಲ ಅಂದ್ರೆ?” ಎಂದರು.

“ಇದ್ರಲ್ಲಿ ಕೇಳಿಸ್ದೇ ಇದ್ರೆ ಭೂಮಿ ಮೇಲೆ ಇನ್ಯಾವ್ದ್ರಲ್ಲೂ ಕೇಳಿಸಲ್ಲ,” ಎಂದೆ. ಅಂಗಡಿಯವಳ ಜಂಬದ ಮಾತು, ಬಾಯಿಗೆ ಬಂತು, ಆಡಿಬಿಟ್ಟೆ.

“ಹಾಗಾದ್ರೆ ಇದೇ ಕೊನೇದು ಬಿಡು,” ಎಂದು ಒಳಗೆ ಹೋದರು.

ಗಾಜಿನಾಚೆ ಅವರು ಕಣ್ಣು ಮುಚ್ಚಿ ಕೂತದ್ದು ಕಾಣುತ್ತಿತ್ತು. ಎರಡೂ ಕೈ ಎದೆಯ ಮಟ್ಟಕ್ಕೆ ಎದ್ದವು. ಬಹಳ ಹೊತ್ತು ಹಾಗೇ ನಿಂತವು. ಆಮೇಲೆ ಮುಷ್ಟಿಗಳು ಒಂದನ್ನೊಂದು ತಾಕಿದವು. ಅವರು ಕಣ್ಣು ತೆರೆದು ಸುಮ್ಮನೆ ಗೋಡೆ ನೋಡಿದರು. ಇನ್ನೊಮ್ಮೆ ಹಾಕಿಕೊಂಡರು, ಮತ್ತೆ ಕೈ ಎತ್ತಿದರು, ಮತ್ತೆ ತಾಕಿಸಿದರು. ನಂತರ ಬಾಗಿಲು ತೆರೆದು ಕರೆದರು.

“ಹುಡುಗೀ, ನೀನೊಂದ್ಸಲ ಕೇಳು.”

ಹೆಡ್‌ಫೋನನ್ನು ತೆಗೆದು ನನ್ನ ಕೈಗೆ ಕೊಟ್ಟರು. ಪ್ಲೇಯರನ್ನು ಕೊನೆಯ ಭಾಗಕ್ಕೆ ತಂದಿಟ್ಟಿದ್ದರು. ಕಿವಿಗೆ ಹಾಕಿಕೊಂಡು ಪ್ಲೇಯರಿನ ಗುಂಡಿ ಒತ್ತಿದೆ. ಕೊಳಲು ಬಂದು ಕಪಾಳಕ್ಕೆ ಹೊಡೆದಂತಾಯಿತು. ಹೆಡ್‌ಫೋನನ್ನು ಕಿತ್ತು ಮೇಜಿನ ಮೇಲೆ ಎಸೆದೆ. ಎರಡೂ ಕಿವಿಯಲ್ಲಿ ಸೀಟಿ.

ಆಮೇಲೆ ವಾಲ್ಯೂಮ್ ಗುಂಡಿ ನೋಡಿದೆ. ಮುಕ್ಕಾಲು ದಾಟಿತ್ತು. ಇಂಥ ಪೆಟ್ಟಿಗೆಯಲ್ಲಿ ಮುಕ್ಕಾಲು ಎಂದರೆ ಮನುಷ್ಯರು ಕೂತು ಕೇಳುವ ಜಾಗವೇ ಅಲ್ಲ.

ನನಗೆ ಸಿಟ್ಟು ಬರಬೇಕಿತ್ತು, ಬರಲಿಲ್ಲ. ಇಷ್ಟು ಕಾಲ ಎಲ್ಲರಿಗೂ ಮಾದರಿ ಎಂದು ತೋರಿಸಿದ್ದ ಆ ಸೊನ್ನೆಯ ಹಿಂದೆ ಮಂದವಾಗುತ್ತಿದ್ದ ಕಿವಿಗಳು ಅಡಗಿದ್ದವು ಎಂದು ಈಗ ಗೊತ್ತಾಯಿತು. ಇವತ್ತು ಮರೆತರೋ, ಬೇಕೆಂದೇ ಬಿಟ್ಟರೋ, ನಾನು ಕೇಳಲಿಲ್ಲ.

ಗುಂಡಿಯನ್ನು ನನ್ನ ಅಳತೆಗೆ ಇಳಿಸಿ, ಮತ್ತೆ ಹಾಕಿಕೊಂಡೆ. ಕೊಳಲು ತೆಳುವಾಗುತ್ತಾ ಬಂತು. ಗಂಟೆ ಬಿತ್ತು. ಪುಟ್ಟದು, ಸ್ವಚ್ಛವಾದದ್ದು, ಹುಡುಕುವ ಅಗತ್ಯವೇ ಇಲ್ಲದಷ್ಟು ಸ್ಪಷ್ಟ.

“ಇದ್ಯಾ?” ಎಂದರು.

“ಇದೆ ಅಂಕಲ್.”

“ಸಮಾಧಾನಕ್ಕೆ ಹೇಳ್ಬೇಡ.”

“ಸಮಾಧಾನ ಮಾಡೋದೆಲ್ಲ ನಂಗ್ ಬರಲ್ಲ ಅಂತ ನಿಮ್ಗೆ ಗೊತ್ತು. ಇದೆ.”

ಅವರು ಬಾಚಣಿಗೆ ತೆಗೆದರು, ತಲೆ ಬಾಚಲಿಲ್ಲ, ಮತ್ತೆ ಜೇಬಿಗೆ ಹಾಕಿದರು. “ಎಲ್ಲಾ ಪೆಟ್ಟಿಗೇಲೂ ಇತ್ತೇನೋ ಅಲ್ವಾ?”

“ಇದ್ದಿರ್ಬೇಕು.”

ಹೈರುಲ್ ಬಾಗಿಲ ಬಳಿ ಬಂದು ನಿಂತಿದ್ದ. ಅಂಕಲ್ ಆ ಆಂಪ್ಲಿಫೈಯರಿನ ಮೇಲೆ ಕೈಯಿಟ್ಟು, ನನ್ನ ಮುಖ ನೋಡದೆ ಕೇಳಿದರು:

“ಹೇಗ್ ಬಿತ್ತು? ಸರಿಯಾದ್ ಹೊತ್ತಿಗ್ ಬಿತ್ತಾ?”

ಮತ್ತೆ ಕೇಳಿದೆ. ಕೊಳಲಿನವನ ಉಸಿರು ಇನ್ನೂ ಪೂರ್ತಿ ಮುಗಿದಿರಲಿಲ್ಲ, ಅಷ್ಟರಲ್ಲೇ ಗಂಟೆ ಬಿದ್ದಿತ್ತು. ‘ಸರಿಯಾಗೇ ಬಿತ್ತು’ ಎನ್ನಲು ನಾಲಿಗೆ ಹೊರಳಿತು. ನಾನೇನು ಸತ್ಯಹರಿಶ್ಚಂದ್ರನ ಮನೆಯವಳಲ್ಲ. ಪೆಟ್ಟಿಗೆಗಳನ್ನು ಹೊಗಳಿ ಮಾರಿಯೇ ಬದುಕಿದವಳು. ಆದರೆ ಕಿವಿಗೆ ಬಿದ್ದದ್ದರ ಬಗ್ಗೆ ಈ ಕೋಣೆಯಲ್ಲಿ ಇದುವರೆಗೆ ಸುಳ್ಳು ಹೇಳಿಲ್ಲ.

“ಒಂದ್ ಕೂದಲೆಳೆಯಷ್ಟು ಮುಂಚೆ ಬಿತ್ತು ಅಂಕಲ್. ಕೊಳಲು ಇನ್ನೂ ನಿಂತಿರ್ಲಿಲ್ಲ.”

ಅವರು ನನ್ನನ್ನೇ ನೋಡಿದರು. ಆಮೇಲೆ ನಕ್ಕರು. ನಗುತ್ತಾ ನಗುತ್ತಾ ಕಣ್ಣು ತುಂಬಿಕೊಂಡವು.

“ನಮ್ ತಂಡದ ಕ್ವೆಕ್ ಮಾಸ್ತರು ಅವತ್ತು ಪರದೆ ಬಿದ್ ಮೇಲೆ ಎಲ್ರ ಮುಂದೆ ಬೈದ್ರು. ‘ಇರೋದೇ ಒಂದ್ ಏಟು, ಅದನ್ನೂ ಕಾಯಕ್ಕಾಗ್ಲಿಲ್ವೇನೋ ಕತ್ತೇ’ ಅಂತ. ಇದನ್ನ ನಾನು ಯಾರಿಗೂ ಹೇಳಿಲ್ಲ ಹುಡುಗೀ. ಹೆಂಡ್ತಿಗೂ ಹೇಳಿಲ್ಲ.” ಕರವಸ್ತ್ರ ತೆಗೆದು ಕಣ್ಣೊರೆಸಿಕೊಂಡರು. “ಹಾಗಾದ್ರೆ ನೀನು ನಿಜವಾಗ್ಲೂ ಕೇಳಿಸ್ಕೊಂಡೆ. ಅದು ಅಲ್ಲೇ ಇದೆ.”

ನನಗೂ ಕಣ್ಣು ಮಂಜಾಯಿತು. ಅದನ್ನು ಹೈರುಲ್ ನೋಡಿಬಿಟ್ಟ, ನೋಡಿ ಸುಮ್ಮನಿರುವ ಜಾತಿಯಲ್ಲ ಅವನು.

“ಅಕ್ಕ, ಗುಂಡಿ ಸೊನ್ನೇಗ್ ತರ್ದೇ ಎದ್ರು. ಇವ್ರನ್ನೂ ಒಂದ್ ತಿಂಗ್ಳು ಹೊರಗ್ ನಿಲ್ಲಿಸ್ತೀಯಾ?”

“ನಿಲ್ಲಿಸ್ತೀನಿ. ಕಿವಿ ಡಾಕ್ಟ್ರನ್ನ ನೋಡ್ಕೊಂಡ್ ಬರೋವರ್ಗೂ ಒಳಗ್ ಬಿಡಲ್ಲ. ನೀನೇ ಕರ್ಕೊಂಡ್ ಹೋಗು. ಈ ಮೂಟೇನೂ ವಾಪಸ್ ಹೊರು.”

“ಅಯ್ಯೋ ನನ್ ಸೊಂಟ!”

ಅಂಕಲ್ ಕೈ ಎತ್ತಿ ನಮ್ಮಿಬ್ಬರನ್ನೂ ಸುಮ್ಮನಾಗಿಸಿದರು. ಕುರ್ಚಿ ಎಳೆದುಕೊಂಡು ನನ್ನ ಪಕ್ಕ ಕೂತು, ಅಂಗೈಯನ್ನು ಮೇಜಿನ ಮೇಲಿಟ್ಟರು.

“ಇನ್ನೊಂದ್ಸಲ ಹಾಕು. ಬಿದ್ ತಕ್ಷಣ ಹೇಳು.”

ಹಾಕಿದೆ. ಅವರು ಕಣ್ಣು ಮುಚ್ಚಿಕೊಂಡರು. ಕೊಳಲು ಏರಿ, ಇಳಿದು, ಸಣ್ಣಗಾಯಿತು. ಅದು ನಿಲ್ಲುವ ಮುಂಚೆಯೇ ನಾನು ಅವರ ಕೈಯ ಮೇಲೆ ಮೆಲ್ಲಗೆ ತಟ್ಟಿದೆ.