ಬೆರಳಿಗೆ ಅಂತ ಹೇಳು

ಆ ಮನೆಯ ಮುಂಭಾಗ ಹೊಲಿಗೆ ಅಂಗಡಿ, ಹಿಂಭಾಗ ಸಂಸಾರ. ನಡುವೆ ಒಂದು ಪರದೆ ಅಷ್ಟೇ. ಕುಕ್ಕರ್ ಕೂಗಿದರೆ ಗಿರಾಕಿಗೆ ಕೇಳುತ್ತಿತ್ತು, ಗಿರಾಕಿ ಗೊಣಗಿದರೆ ಒಲೆಯ ಮುಂದಿನ ತಾಯಿಗೆ ಕೇಳುತ್ತಿತ್ತು. ಟೈಲರ್ ಮಾಸ್ತರರ ಮಗಳು ಸಂಜೆ ಕಾಲೇಜು ಮುಗಿಸಿ ಬಂದು ಮಿಷನ್ ಮುಂದೆ ಕೂತರೆ ಅಂಗಿಗಳು ಒಂದರ ಹಿಂದೊಂದು ಎದ್ದು ಬರುತ್ತಿದ್ದವು. ಗಿರಾಕಿಗಳು ಅವಳನ್ನು ಮಿಂಚು ಎಂದೇ ಕರೆಯುತ್ತಿದ್ದರು.

ಆ ವರ್ಷ ಶಾಲೆಗಳ ಯೂನಿಫಾರ್ಮ್ ಕೆಲಸವೂ ಅವಳ ಕೊನೆಯ ವರ್ಷದ ಪರೀಕ್ಷೆಯೂ ಒಟ್ಟಿಗೆ ಬಂದವು. ಮೊದಲು ಮಿಂಚುವಿನ ನಿದ್ದೆ ಹೋಯಿತು, ಆಮೇಲೆ ಹಸಿವು. ಒಂದು ದಿನ ಒಂದೇ ಅಂಗಿಗೆ ಎರಡೂ ಎಡತೋಳುಗಳನ್ನೇ ಕೂರಿಸಿಬಿಟ್ಟಳು.

"ಯಾರಮ್ಮಾ ಈ ಗಿರಾಕಿ, ಎರಡೂ ಎಡಗೈ ಇರೋನು?" ಎಂದು ಮಾಸ್ತರರು ನಕ್ಕರು.

ಅವಳು ನಗಲಿಲ್ಲ, ಅಳಲೂ ಇಲ್ಲ. ಹೊಲಿಗೆ ಬಿಚ್ಚಿ ಮತ್ತೆ ಹೊಲಿಯುವಷ್ಟರಲ್ಲಿ ಮುಂದಿನ ಅಂಗಿ ತಡವಾಯಿತು. ತಡವಾದದ್ದಕ್ಕೆ ಬೈಗುಳ, ಬೈಸಿಕೊಂಡದ್ದಕ್ಕೆ ನಿದ್ದೆಗೇಡು, ನಿದ್ದೆಗೆಟ್ಟದ್ದಕ್ಕೆ ಇನ್ನೊಂದು ತಪ್ಪು. ಮಂಕಾದ ಮಕ್ಕಳಿಗೆ ನಮ್ಮ ಹಿರಿಯರ ಬಳಿ ಇರುವುದು ಒಂದೇ ಮದ್ದು, ಇನ್ನಷ್ಟು ಕೆಲಸ ಹಚ್ಚುವುದು. ಮಾಸ್ತರರು ಕಾಜಾ, ಗುಂಡಿಯ ಕೆಲಸವನ್ನೂ ಮಗಳ ತಲೆಗೇ ಕಟ್ಟಿದರು.

ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದ ಚಿಕ್ಕಮ್ಮ ಬಂದವಳು ಹುಡುಗಿಯ ಮುಖ ನೋಡಿ ಚಪ್ಪಲಿ ಬಿಡುವ ಮೊದಲೇ ಕೇಳಿದಳು, "ಇವಳಿಗೇನಾಗಿದೆ? ಖಿನ್ನತೆ ಇದ್ದಂಗಿದೆ."

"ಸೋಮಾರಿತನ," ಎಂದರು ಮೂಲೆಯಲ್ಲಿ ಕೂತಿದ್ದ ಅಜ್ಜಿ. "ನಾವೇನು ಕಷ್ಟ ಪಡ್ಲಿಲ್ವಾ? ನಮಗ್ಯಾವ ಖಿನ್ನತೆನೂ ಬರ್ಲಿಲ್ಲ."

"ನಿಮ್ಮನ್ನ ಕಂಡ್ರೆ ಅದಕ್ಕೂ ಹೆದರಿಕೆ, ಅಮ್ಮ." ಚಿಕ್ಕಮ್ಮ ಮಾಸ್ತರರ ಕಡೆ ತಿರುಗಿದಳು. "ಭಾವ, ಹೊರೆ ಹೆಚ್ಚಾದ್ರೆ ಮನಸ್ಸು ಕುಸಿಯುತ್ತೆ. ಕುಸಿದ ಮನಸ್ಸಿಗೆ ಸಣ್ಣ ಕೆಲಸನೂ ಬೆಟ್ಟ. ನೀವು ಬೆಟ್ಟದ ಮೇಲೆ ಬೆಟ್ಟ ಇಡ್ತಿದ್ದೀರಿ. ಇದು ಕಾಯಿಲೆ, ಚಿಕಿತ್ಸೆ ಇದೆ. ಡಾಕ್ಟರಿಗೆ ತೋರ್ಸೋಣ."

"ಮನಸ್ಸಿನ ಡಾಕ್ಟರ್ ಬಾಗಿಲಲ್ಲಿ ಯಾರಾದ್ರೂ ನೋಡಿದ್ರೆ? ಆಮೇಲೆ ಇವಳನ್ನ ಯಾರು ಮದುವೆ ಆಗ್ತಾರೆ?"

"ಬದುಕಿದ್ರೆ ತಾನೆ ಮದುವೆ, ಭಾವ?"

ಗಿರಾಕಿಗೆ ಕೇಳೀತೆಂದು ಮಾಸ್ತರರು ಪರದೆ ಎಳೆದರು. ಮಿಂಚು ತಲೆ ತಗ್ಗಿಸಿ ಗುಂಡಿ ಹಾಕುತ್ತಿದ್ದಳು. ಅವರು ಬೇರೆ ಯಾರದೋ ಮಗಳ ವಿಷಯ ಮಾತಾಡಿಕೊಂಡಂತೆ ಅವಳಿಗೆ ಅನ್ನಿಸಿತು.

ಮರುವಾರ ಮಿಷನ್ನಿನ ಸೂಜಿ ಅವಳ ತೋರುಬೆರಳಿನ ಉಗುರನ್ನು ತೂರಿ ಇಳಿಯಿತು. ಅವಳು ಕೂಗಲಿಲ್ಲ. ಬಿಳಿ ಬಟ್ಟೆಗೆ ರಕ್ತ ಹತ್ತುತ್ತದಲ್ಲ, ಒಗೆದರೆ ಹೋದೀತೇ ಎಂದು ಯೋಚಿಸುತ್ತಾ ಸುಮ್ಮನೆ ನೋಡುತ್ತಿದ್ದಳು. ನೀರು ಕೊಡಲು ಬಂದ ತಾಯಿಯೇ ಕಿರುಚಿದ್ದು. ಮಾಸ್ತರರು ಸೂಜಿ ಬಿಡಿಸುವಾಗಲೂ ಮಗಳ ಕೈ ಅಲುಗಲಿಲ್ಲ. ಅದನ್ನು ಕಂಡು ಅವರಿಗೆ ಮೊದಲ ಸಲ ಹೆದರಿಕೆಯಾಯಿತು.

ಹೆದರಿದರೂ ಮಾನದ ಚಿಂತೆ ಬಿಡಲಿಲ್ಲ. ಮಗಳನ್ನು ಚಿಕ್ಕಮ್ಮನ ಆಸ್ಪತ್ರೆಯ ಮನಸ್ಸಿನ ಡಾಕ್ಟರಿಗೆ ತೋರಿಸಲು ತಾವೇ ಕರೆದೊಯ್ಯುತ್ತಾ ದಾರಿಯುದ್ದಕ್ಕೂ ಪಾಠ ಹೇಳಿದರು. "ಯಾರಾದ್ರೂ ಕೇಳಿದ್ರೆ ಬೆರಳಿಗೆ ಅಂತ ಹೇಳು. ಪಟ್ಟಿ ಹೇಗೂ ಕಾಣ್ಸುತ್ತೆ."

ಕಾಯುವ ಬೆಂಚಿನಲ್ಲಿ ಎದುರಾದದ್ದು ಅವರ ಹಳೇ ಗಿರಾಕಿ. ಊರಿನ ಅರ್ಧ ಸಂಬಂಧಗಳು ಆ ಹೆಂಗಸಿನ ಬಾಯಲ್ಲೇ ಕುದುರುತ್ತಿದ್ದವು, ಮುರಿಯುತ್ತಲೂ ಇದ್ದವು.

"ಅಯ್ಯೋ ಮಿಂಚು, ಬೆರಳಿಗೇನಾಯ್ತೇ? ಅದಕ್ಕೇ ಬಂದ್ರಾ?"

ಮಾಸ್ತರರು ಕೆಮ್ಮಿದರು. ಮಿಂಚು ಬೆರಳಿನ ಪಟ್ಟಿ ನೋಡಿದಳು. ಹೂಂ ಎಂದರೆ ಸಾಕಿತ್ತು. ಆದರೆ ಸುಳ್ಳು ಹೇಳಿದರೆ ಅದನ್ನೂ ಹೊರಬೇಕು, ಅಷ್ಟು ತ್ರಾಣ ಅವಳಲ್ಲಿರಲಿಲ್ಲ.

"ಇಲ್ಲಮ್ಮ. ಸೂಜಿ ಚುಚ್ಚಿದ್ರೂ ನೋವಾಗ್ಲಿಲ್ಲ, ಅದಕ್ಕೆ ಬಂದೆ. ನನಗೆ ಮನಸ್ಸಿಗೆ ಹುಷಾರಿಲ್ಲ."

ಬೆಂಚಿನ ಮೇಲಿದ್ದವರೆಲ್ಲ ತಿರುಗಿ ನೋಡಿದರು. ಅವಳಿಗೆ ನಾಚಿಕೆಯೂ ಆಗಲಿಲ್ಲ, ಹಗುರವೂ ಅನ್ನಿಸಲಿಲ್ಲ.

ಒಳಗಿನಿಂದ ಕರೆ ಬಂತು. ಅವಳು ಒಬ್ಬಳೇ ಎದ್ದಳು. ಮಾಸ್ತರರು ಆ ಹೆಂಗಸಿನ ಕಡೆ ತಿರುಗಿ, "ನನ್ನ ಮಗಳು ಹೇಳಿದ್ದು ನಿಜ," ಎಂದವರೇ ಎದ್ದು ಹೋಗಿ ಮಗಳಿಗಾಗಿ ಬಾಗಿಲು ತೆರೆದು ಹಿಡಿದರು.