ಮೇಡಂ ಮಲಗಿದ್ದ ತರಗತಿ

ನದಿ ಮೇಡಂ ಎಂದು ಹುಡುಗರು ಹೆಸರಿಟ್ಟದ್ದು ಸುಮ್ಮನೆ ಅಲ್ಲ. ಇಪ್ಪತ್ತೆರಡು ವರ್ಷದಿಂದ ಕಾಲೇಜಿನಲ್ಲಿ ಭೂಗೋಳ ಹೇಳಿಕೊಡುತ್ತಿದ್ದ ಅವರು, ಯಾವ ಪಾಠ ಎತ್ತಿಕೊಂಡರೂ ಸುತ್ತಿ ಬಳಸಿ ನದಿಯ ಹತ್ತಿರವೇ ಬಂದು ನಿಲ್ಲುತ್ತಿದ್ದರು. ಎದುರಿಗೆ ಬೆಂಚು ತುಂಬ ಮುಖಗಳಿದ್ದಾಗ ಅದರ ಸೊಗಸೇ ಬೇರೆ. ಈಗ ವಾರಕ್ಕೆ ಮೂರು ತರಗತಿ ಮನೆಯಿಂದಲೇ, ಲ್ಯಾಪ್‌ಟಾಪಿನ ಮುಂದೆ. ಐವತ್ತೆಂಟು ಮಕ್ಕಳು, ಐವತ್ತೆಂಟು ಕಪ್ಪು ಚೌಕಗಳು. ಕ್ಯಾಮೆರಾ ಹಾಕಿ ಎಂದರೆ ‘ನೆಟ್ ಸರಿಯಿಲ್ಲ ಮೇಡಂ’ ಎಂಬ ಒಂದೇ ರಾಗ. ಪ್ರಶ್ನೆ ಕೇಳಿದರಂತೂ ಒಬ್ಬರೂ ತುಟಿ ಪಿಟಕ್ಕೆನ್ನುತ್ತಿರಲಿಲ್ಲ.

ಕಾಲೇಜಿನ ಪೋರ್ಟಲ್ ಮಾತ್ರ ಬಾಯಿಬಡುಕ. ಪ್ರತಿ ತರಗತಿ ಮುಗಿದ ಕೂಡಲೇ ಶಿಕ್ಷಕರು ಎಷ್ಟು ನಿಮಿಷ ಮಾತಾಡಿದರು, ಎಷ್ಟು ನಿಮಿಷ ಸುಮ್ಮನಿದ್ದರು ಎಂದು ವರದಿ ಒಪ್ಪಿಸಿಬಿಡುತ್ತಿತ್ತು. ಯಾರ ವರದಿ ಸಪ್ಪೆಯೋ ಅವರ ವಿಷಯಕ್ಕೆ ಮುಂದಿನ ವರ್ಷದಿಂದ ಎಲ್ಲಿಂದಲೋ ತರಿಸಿದ ಸಿದ್ಧ ವಿಡಿಯೋ, ಶಿಕ್ಷಕರಿಗೆ ಗ್ರಂಥಾಲಯದಲ್ಲೊಂದು ಕುರ್ಚಿ ಎಂದು ಸಮಿತಿ ತೀರ್ಮಾನಿಸಿತ್ತು. ಪಾಠ ಮಾಡುವುದು ಬಿಟ್ಟರೆ ಬೇರೇನೂ ಬಾರದ ಮೇಡಂಗೆ ಆ ಕುರ್ಚಿಯನ್ನು ನೆನೆಯುವುದೂ ಬೇಡವಾಗಿತ್ತು.

ಅವರದೊಂದು ಪದ್ಧತಿ. ಪ್ರಶ್ನೆ ಕೇಳಿದ ಮೇಲೆ ಕಣ್ಣು ಮುಚ್ಚಿ ಮನಸ್ಸಿನಲ್ಲೇ ನೂರರವರೆಗೆ ಎಣಿಸುವುದು. ಮಕ್ಕಳಿಗೆ ಯೋಚಿಸಲು ಪುರುಸೊತ್ತು ಕೊಡಬೇಕು ಎಂಬುದು ಅವರ ಹಟ. ಮೂರು ದಿನ ಪರದೆಯ ಮೇಲೆ ಉತ್ತರಪತ್ರಿಕೆ ತಿದ್ದಿ ತಿದ್ದಿ ಕಣ್ಣು ಉರಿಯುತ್ತಿದ್ದ ಆ ಮಂಗಳವಾರ ಮಧ್ಯಾಹ್ನವೂ ಹಾಗೇ ಮಾಡಿದರು. “ನದಿಯ ತಿರುವು ವರ್ಷದಿಂದ ವರ್ಷಕ್ಕೆ ಇನ್ನಷ್ಟು ಡೊಂಕಾಗೋದು ಯಾಕೆ?” ಎಂದು ಕೇಳಿ ಕಣ್ಣು ಮುಚ್ಚಿದರು. ಎಣಿಕೆ ನಲವತ್ತನ್ನೂ ಮುಟ್ಟಲಿಲ್ಲ.

ಕನಸಿನಲ್ಲಿ ಅವರು ನದಿಯ ಮೇಲೆಯೇ ನಡೆಯುತ್ತಿದ್ದರು, ಪಾದ ಒದ್ದೆಯಾಗುತ್ತಿರಲಿಲ್ಲ. ನೀರು ತೆಳು ಹಾಲಿನ ಬಣ್ಣಕ್ಕಿತ್ತು. ಎರಡೂ ದಂಡೆಯ ಮೇಲೆ ಸಾಲಾಗಿ ಮುಚ್ಚಿದ ಬಾಗಿಲುಗಳು. ಒಂದೊಂದರ ಹಿಂದೆಯೂ ಯಾರೋ ಮೆಲ್ಲಗೆ ಮಾತಾಡುತ್ತಿದ್ದರು, ಒಬ್ಬರು ಕಿಸಕ್ಕೆಂದರು, ಇನ್ನೊಬ್ಬರು ಸುಮ್ಮನಿರು ಎಂದರು. ಮಾತು ಏನೆಂದು ತಿಳಿಯದಿದ್ದರೂ ತನ್ನ ಬಗ್ಗೆಯೇ ಎಂದು ಗೊತ್ತಿತ್ತು. ಎಷ್ಟೋ ದಿನದ ಮೇಲೆ ಅವರಿಗೆ ಹಾಯೆನಿಸಿತು.

ಎಚ್ಚರವಾದಾಗ ಪರದೆಯ ಮೇಲೆ ‘ತರಗತಿ ಮುಗಿದಿದೆ’ ಎಂದಿತ್ತು. ಕನ್ನಡಕ ಮಡಚಿಕೊಂಡು ಮೇಜಿನ ಮೇಲೆ ಕೂತಿತ್ತು. ಕೆಳಗೆ ವರದಿ: ಶಿಕ್ಷಕರ ಮಾತು ಹನ್ನೆರಡು ನಿಮಿಷ, ಮೌನ ಮೂವತ್ತೆಂಟು.

“ಎಬ್ಬಿಸಬಾರದಿತ್ತಾ ಅಕ್ಕಾ?” ಎಂದು ಮನೆಯಲ್ಲಿ ಜೊತೆಗಿದ್ದ ಅಕ್ಕನನ್ನು ಕೇಳಿದರು.

“ಮಗು ಹಾಗೆ ಮಲಗಿದ್ದೆ. ಮನಸ್ಸು ಬರಲಿಲ್ಲ,” ಎಂದ ಅಕ್ಕ ಬಟ್ಟೆ ಮಡಚುವುದನ್ನು ನಿಲ್ಲಿಸಲಿಲ್ಲ.

ಸಂಜೆ ವಿಭಾಗದ ಮುಖ್ಯಸ್ಥರು ಫೋನ್ ಮಾಡಿದರು. ಮನುಷ್ಯ ಒಳ್ಳೆಯವರೇ. “ನೆಟ್ ಹೋಯ್ತು ಅಂತ ಎರಡು ಸಾಲು ಬರೆದು ಕಳಿಸಿ ಮೇಡಂ, ನಾನು ಹೇಗೋ ದಾಟಿಸ್ತೀನಿ. ಆದರೆ ತರಗತಿಯ ರೆಕಾರ್ಡಿಂಗ್ ಅಳಿಸಿಬಿಡಿ. ನಾಳೆ ಹನ್ನೆರಡು ಗಂಟೆಗೆ ಅದು ತಾನಾಗೇ ಸಮಿತಿಗೆ ಹೋಗುತ್ತೆ. ಹೋದರೆ ನನ್ನ ಕೈಲಿ ಏನೂ ಇರಲ್ಲ.”

ಮರುದಿನ ಬೆಳಿಗ್ಗೆ ಅಳಿಸಲೆಂದೇ ಮೇಡಂ ಕೂತರು. ಅಳಿಸುವ ಮುಂಚೆ ತನ್ನ ಅವತಾರವನ್ನು ಒಂದು ಸಲ ನೋಡಿಬಿಡೋಣ ಎನಿಸಿತು. ನೋಡಿದರೆ, ಬಾಯಿ ಅರ್ಧ ತೆರೆದು, ತಲೆ ಒಂದು ಕಡೆ ವಾಲಿಸಿ, ದೇವರೇ ಗತಿ. ನಾಚಿಕೆಯಿಂದ ಮೈಯೆಲ್ಲ ಮುದುಡಿತು.

“ಮೇಡಂ?” ಎಂದಿತು ಒಂದು ಚೌಕ.

“ಮಲಗಿಬಿಟ್ಟಿದ್ದಾರೆ ಕಣೋ.” ಕಿಸಕ್ಕೆಂದ ಸದ್ದು. “ಎದ್ದು ಹೋಗೋಣ್ವಾ?”

ಅಷ್ಟರಲ್ಲಿ ಪರದೆಯೊಳಗೆ ಅಕ್ಕ ಬಂದರು. ಕನ್ನಡಕ ತೆಗೆದಿಟ್ಟು, ಲ್ಯಾಪ್‌ಟಾಪಿನತ್ತ ಬಗ್ಗಿ, ಬೆರಳನ್ನು ತುಟಿಗೆ ಒತ್ತಿದರು. “ಗಲಾಟೆ ಮಾಡಬೇಡಿ ಮಕ್ಕಳೇ. ನಿಮ್ಮ ಉತ್ತರ ಓದಿ ಓದಿ ಮೂರು ದಿನದಿಂದ ಕಣ್ಣು ಮುಚ್ಚಿಲ್ಲ ಇವಳು.”

ಅಕ್ಕ ಪರದೆಯಿಂದ ಆಚೆ ಹೋದರು. ಆಮೇಲೆ ಹುಡುಗಿಯೊಬ್ಬಳ ಪಿಸುದನಿ: “ಎದ್ದ ತಕ್ಷಣ ಉತ್ತರ ಕೇಳ್ತಾರೆ. ಗೊತ್ತಿದೆಯಾ ಯಾರಿಗಾದ್ರೂ?”

“ಅದೇ, ಅತ್ತೆ ಕಥೆ. ನದಿ ಅತ್ತೆ, ಎರಡು ದಂಡೆ ಇಬ್ಬರು ಸೊಸೆಯರು. ಹೊರಗಡೆ ದಂಡೆ ಹತ್ತಿರ ನೀರು ಜೋರು, ಅವಳದ್ದು ಕಿತ್ಕೊಳ್ಳುತ್ತೆ. ಒಳಗಡೆ ನಿಧಾನ, ಅಲ್ಲಿ ಮರಳು ತಂದು ಹಾಕುತ್ತೆ.”

ಮೇಡಂ ನೆಟ್ಟಗೆ ಕೂತರು. ಆ ಕಥೆ ಅವರು ಹೇಳಿದ್ದು ಎರಡು ತಿಂಗಳ ಹಿಂದೆ, ಯಾರೂ ನಗದೆ ಹೋದ ತಮಾಷೆ.

ಒಬ್ಬನಿಗೆ ಅರ್ಥವಾಗಲಿಲ್ಲ. ಇನ್ನಿಬ್ಬರು ತಾಳ್ಮೆಯಿಂದ ಮತ್ತೆ ಹೇಳಿದರು, ಮೇಡಂ ಧಾಟಿಯಲ್ಲೇ, ಮಾತಿನ ಕೊನೆಗೆ ಅವರದೇ ‘ತಿಳೀತಾ’ ಸೇರಿಸಿ. ಐವತ್ತೆಂಟರಲ್ಲಿ ಒಬ್ಬರೂ ಹೊರಗೆ ಹೋಗಿರಲಿಲ್ಲ. ಮೇಡಂಗೆ ಕಣ್ಣು ತುಂಬಿ ಬಂತು. ಕನಸಿನ ಬಾಗಿಲುಗಳ ಹಿಂದೆ ಮಾತಾಡುತ್ತಿದ್ದವರು ಇವರೇ.

ಕೊನೆಗೆ, ಸೆಮಿಸ್ಟರ್ ಪೂರ್ತಿ ಬಾಯಿ ಬಿಡದ ಹುಡುಗನೊಬ್ಬ ತಡವರಿಸುತ್ತ ಕೇಳಿದ. “ಅಲ್ಲಾ, ಹೀಗೇ ತಿಂತಾ ಹೋದರೆ, ಒಂದರ ಪಕ್ಕ ಒಂದು ಇರೋ ಎರಡು ತಿರುವು ಹತ್ತಿರ ಹತ್ತಿರ ಬರಬೇಕಲ್ವಾ? ನಡುವಿನ ನೆಲ ಸಣ್ಣಗಾಗಿ ಒಂದಿನ ಹರಿದುಹೋಗುತ್ತೆ. ಆಗ ನೀರು ನೇರವಾಗಿ ಹೋಗಿಬಿಡುತ್ತೆ.”

“ಹಳೇ ತಿರುವು?”

“ಅದು ಅಲ್ಲೇ ಉಳ್ಕೊಳ್ಳುತ್ತೆ. ಕೆರೆ ಥರ.”

“ಅಯ್ಯೋ ಪಾಪ,” ಎಂದಳು ಯಾರೋ.

ಮೇಡಂ ರೆಕಾರ್ಡಿಂಗ್ ನಿಲ್ಲಿಸಿದರು. ತಿರುವು ಕೆರೆಯಾಗುವುದನ್ನು ಅವರು ಹೇಳಿಕೊಟ್ಟೇ ಇರಲಿಲ್ಲ. ಅದು ಮುಂದಿನ ವಾರದ ಪಾಠ.

ಹನ್ನೆರಡಕ್ಕೆ ಹತ್ತು ನಿಮಿಷವಿದ್ದಾಗ ಫೋನ್ ಬಂತು. “ಅಳಿಸಿದ್ರಾ ಮೇಡಂ?”

“ಇಲ್ಲ ಸಾರ್.”

“ಸಮಿತಿ ನೋಡಿದರೆ ನಿಮ್ಮ ವಿಷಯ ಕೈ ಬಿಟ್ಟು ಹೋಗುತ್ತೆ.”

“ಗೊತ್ತು ಸಾರ್. ಮಲಗಿದ್ದು ನಾನೇ, ಇಲ್ಲ ಅನ್ನಲ್ಲ. ಆದರೆ ಪಾಠ ಮಾಡಿದ್ದು ಮಕ್ಕಳು. ಅದನ್ನ ಅಳಿಸೋಕೆ ನನಗೆ ಕೈ ಬರಲ್ಲ.”

ಮುಖ್ಯಸ್ಥರು ಫೋನ್ ಇಟ್ಟರು.

ಹನ್ನೆರಡಾಯಿತು, ರೆಕಾರ್ಡಿಂಗ್ ಸಮಿತಿಗೆ ಹೋಯಿತು. ಮೇಡಂ ಮುಂದಿನ ವಾರಕ್ಕೆಂದು ಮಾಡಿಟ್ಟಿದ್ದ ಪಾಠವನ್ನು ತೆರೆದರು. ನದಿ ಬಿಟ್ಟುಹೋದ ತಿರುವು ಕೆರೆಯಾಗುವ ಕುರಿತು ಆರು ಪುಟಗಳಿದ್ದವು, ಎಲ್ಲವೂ ಮಕ್ಕಳೇ ಆಗಲೇ ಕಂಡುಕೊಂಡದ್ದು. ಒಂದೊಂದನ್ನೇ ಓದಿ, ಒಂದೊಂದನ್ನೇ ಅಳಿಸಿದರು.